ಇಂಗ್ಲಿಷಿನಲ್ಲಿ ವಿನಯದಿಂದ ‘ಒಪ್ಪುವುದಿಲ್ಲ’ ಎನ್ನುವುದು ಹೇಗೆ?

ಕಳೆದ ವರ್ಷ ಕಲಬುರಗಿಯ ಒಂದು ಕಾಲೇಜಿನಲ್ಲಿ, ಉದ್ಯೋಗ ಸಂದರ್ಶನದ ಭಾಗವಾಗಿ ನಡೆದ ಗುಂಪು ಚರ್ಚೆಯನ್ನು ನೋಡುತ್ತ ಕುಳಿತಿದ್ದೆ. ವಿಷಯ ತೊಗರಿ. ನಗರದ ಹುಡುಗನೊಬ್ಬ, ಈ ಭಾಗದ ರೈತರು ತೊಗರಿ ಬಿಟ್ಟು ಕಬ್ಬು ಬೆಳೆಯಬೇಕು, ಲಾಭವಿರುವುದು ಅಲ್ಲಿಯೇ ಎಂದು ಸರಾಗವಾದ ಇಂಗ್ಲಿಷಿನಲ್ಲಿ ವಾದಿಸಿದ. ಅವನ ಎದುರಿಗಿದ್ದ ಚಿತ್ತಾಪುರ ಕಡೆಯ ಹುಡುಗಿಯ ಮನೆಯವರು ತೊಗರಿ ಬೆಳೆದೇ ಬದುಕಿದವರು. ಆದರೂ ಅವಳು ಕೊನೆಯವರೆಗೆ ಬಾಯಿ ಬಿಡಲಿಲ್ಲ. ಆಮೇಲೆ ಕೇಳಿದೆ. “ಕನ್ನಡದಲ್ಲಾದರೆ ‘ಹಾಗಲ್ಲರೀ’ ಎಂದು ಶುರು ಮಾಡುತ್ತಿದ್ದೆ ಸರ್. ಇಂಗ್ಲಿಷಿನಲ್ಲಿ ‘ನೋ’ ಎಂದರೆ ಜಗಳಕ್ಕೆ ನಿಂತಂತೆ ಅನಿಸುತ್ತದೆ” ಎಂದಳು.

ಅವಳಂಥ ಮಕ್ಕಳು ನಮ್ಮ ಭಾಗದ ಕಾಲೇಜುಗಳಲ್ಲಿ ತುಂಬಿದ್ದಾರೆ. ತಿಳಿವಳಿಕೆಯಲ್ಲಿ ಅವರು ಯಾರಿಗೂ ಕಡಿಮೆಯಿಲ್ಲ. ಎದುರು ಮಾತನಾಡಿದಂತೆ ಆಗುತ್ತದೆ ಎಂಬ ಅಳುಕೇ ಅವರನ್ನು ಕಟ್ಟಿಹಾಕುತ್ತದೆ. ಆ ‘ಹಾಗಲ್ಲರೀ’ಗೆ ಸಮನಾದ ಒಂದು ಇಂಗ್ಲಿಷ್ ವಾಕ್ಯವಿದೆ: ‘ಐ ಬೆಗ್ ಟು ಡಿಫರ್’. ಅದನ್ನು ಬಳಸುವ ಕ್ರಮವನ್ನು ಒಂದೊಂದಾಗಿ ನೋಡೋಣ.

ಮೊದಲ ಹಂತ: ‘ಬೆಗ್’ ಪದದ ಭಯ ಬಿಡಿ

ಬೆಗ್ ಎಂದರೆ ಭಿಕ್ಷೆ ಬೇಡುವುದು ಎಂದು ಶಾಲೆಯಲ್ಲಿ ಕಲಿತಿರುತ್ತೇವೆ. ಹಾಗಾಗಿ ಈ ವಾಕ್ಯ ಕೆಲವರಿಗೆ ಕೈಯೊಡ್ಡಿದಂತೆ ಕೇಳಿಸುತ್ತದೆ. ಇಲ್ಲಿ ಅದರ ಅರ್ಥ ಅಪ್ಪಣೆ ಕೇಳುವುದು ಎಂದಷ್ಟೇ. ಕಚೇರಿಗೆ ಅರ್ಜಿ ಬರೆಯುವಾಗ ‘ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ’ ಎಂದು ಬರೆಯುತ್ತೇವಲ್ಲ, ಅದರಿಂದ ನಾವೇನು ಸಣ್ಣವರಾಗುತ್ತೇವೆಯೇ? ಕಲಬುರಗಿ, ಬೀದರ್‌ಗಳಲ್ಲಿ ಉರ್ದು ಮನೆಮಾತಿನ ಹಿರಿಯರು ಎದುರಿನವರ ಮಾತನ್ನು ತಿದ್ದುವ ಮುನ್ನ ‘ಗುಸ್ತಾಖಿ ಮಾಫ್’ ಎನ್ನುವುದನ್ನು ಕೇಳಿರುತ್ತೀರಿ. ಉದ್ಧಟತನವನ್ನು ಮನ್ನಿಸಿ ಎಂದು ಹೇಳಿ, ಹೇಳಬೇಕಾದದ್ದನ್ನು ಹೇಳಿಯೇ ಬಿಡುತ್ತಾರೆ. ‘ಐ ಬೆಗ್ ಟು ಡಿಫರ್’ ಕೂಡ ಅದೇ ಜಾತಿಯ ಮಾತು: ‘ಅಪ್ಪಣೆಯಾದರೆ, ನನ್ನ ಅಭಿಪ್ರಾಯ ಬೇರೆ’.

ಎರಡನೆಯ ಹಂತ: ಒತ್ತು ಎಲ್ಲಿ ಬೀಳಬೇಕು

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಂಗ್ಲಿಷಿನಲ್ಲಿ ಕನ್ನಡ ಲಿಪಿಗೆ ಒಂದೇ ಆಗಿ ಕಾಣುವ ಎರಡು ಪದಗಳಿವೆ. ನಮಗೆ ಬೇಕಾದ ‘ಡಿಫರ್’ನಲ್ಲಿ ಎಫ್ ಎರಡು ಸಲ ಬರುತ್ತದೆ, ಒತ್ತು ಮೊದಲ ಅಕ್ಷರ ‘ಡಿ’ಯ ಮೇಲೆ ಬೀಳುತ್ತದೆ. ಒತ್ತನ್ನು ‘ಫರ್’ ಮೇಲೆ ಹಾಕಿದಿರೋ, ಅದು ಒಂದೇ ಎಫ್ ಇರುವ ಇನ್ನೊಂದು ಪದವಾಗುತ್ತದೆ. ಅದರ ಅರ್ಥ ಮುಂದೂಡುವುದು, ಇಲ್ಲವೇ ಇನ್ನೊಬ್ಬರ ಮಾತಿಗೆ ಮಣಿಯುವುದು. ಒಪ್ಪುವುದಿಲ್ಲ ಎನ್ನಲು ಹೋಗಿ ತಲೆಬಾಗಿದಂತಾಗುತ್ತದೆ! ಬರೆಯುವಾಗ ಇಂಗ್ಲಿಷ್ ಮನೆಮಾತಿನವರೂ ಇಲ್ಲಿ ಎಡವುತ್ತಾರೆ. ಇನ್ನೊಂದು ಎಚ್ಚರ, ‘ಬೆಗ್’ ಅನ್ನು ‘ಬ್ಯಾಗ್’ ಮಾಡಬೇಡಿ. ಕನ್ನಡಿಯ ಮುಂದೆ ಹತ್ತು ಸಲ ಗಟ್ಟಿಯಾಗಿ ಹೇಳಿಕೊಂಡರೆ ನಾಲಿಗೆ ಹದಕ್ಕೆ ಬರುತ್ತದೆ.

ಮೂರನೆಯ ಹಂತ: ವಾಕ್ಯವನ್ನು ಮುರಿಯಬೇಡಿ

ಇದು ಅಚ್ಚಿನಲ್ಲಿ ಎರಕ ಹೊಯ್ದಂಥ ವಾಕ್ಯ. ‘ಐ ಆಮ್ ಬೆಗಿಂಗ್ ಟು ಡಿಫರ್’ ಎಂದರೆ ತಪ್ಪು. ನಡುವೆ ‘ಯೂ’ ಸೇರಿಸಿ ‘ಐ ಬೆಗ್ ಯೂ ಟು ಡಿಫರ್’ ಎಂದರೆ, ನೀವೇ ಭಿನ್ನಾಭಿಪ್ರಾಯ ತಾಳಿ ಎಂದು ಎದುರಿನವರನ್ನು ಬೇಡಿಕೊಂಡಂತೆ. ಸೇರಿಸಲೇಬೇಕೆಂದಿದ್ದರೆ ಕೊನೆಯಲ್ಲಿ ‘ವಿತ್ ಯೂ’ ಅಥವಾ ‘ಆನ್ ದಿಸ್’ ಸೇರಿಸಿ. ಏನೂ ಸೇರಿಸದಿದ್ದರೂ ವಾಕ್ಯ ಪೂರ್ಣವೇ.

ನಾಲ್ಕನೆಯ ಹಂತ: ಮೊದಲು ಅವರ ಮಾತು, ಆಮೇಲೆ ನಿಮ್ಮದು

ನನ್ನ ಮಟ್ಟಿಗೆ ಇಡೀ ಪಾಠದ ಜೀವ ಇಲ್ಲಿದೆ. ಎದುರಿನವರು ಮಾತು ಮುಗಿಸುವವರೆಗೆ ಕಾಯಿರಿ. ಅವರ ಮಾತಿನಲ್ಲಿ ನಿಜವಿರುವ ಒಂದಂಶವನ್ನು ಹೆಸರಿಸಿ. ಅನಂತರ ವಾಕ್ಯ, ಅದರ ಬೆನ್ನಿಗೇ ಕಾರಣ. ಕಾರಣವಿಲ್ಲದೆ ಇಷ್ಟನ್ನೇ ಹೇಳಿ ಸುಮ್ಮನಾದರೆ ವಿನಯ ಹೋಗಿ ಸೊಕ್ಕು ಉಳಿಯುತ್ತದೆ.

ಆ ಹುಡುಗಿಯ ಜೊತೆ ಕುಳಿತು ಅವತ್ತಿನ ಉತ್ತರವನ್ನು ಮತ್ತೆ ಕಟ್ಟಿದೆವು. ನೀರಿರುವ ಕಡೆ ಕಬ್ಬು ಲಾಭ ಕೊಡಬಹುದು ಎಂಬುದು ಅವನ ಮಾತಿನಲ್ಲಿದ್ದ ನಿಜ. ಅದಕ್ಕೆ ‘ಐ ಸೀ ಯುವರ್ ಪಾಯಿಂಟ್’ ಎಂದಳು. ಒಂದು ಉಸಿರು ತೆಗೆದುಕೊಂಡು ‘ಐ ಬೆಗ್ ಟು ಡಿಫರ್’ ಎಂದಳು. ನಂತರ ಅವಳ ಕಾರಣಗಳು ಬಂದವು: ನಮ್ಮಲ್ಲಿ ಬಹಳಷ್ಟು ಹೊಲ ಮಳೆಯನ್ನೇ ನಂಬಿದೆ, ಕಬ್ಬು ವರ್ಷವಿಡೀ ನೀರು ಬೇಡುತ್ತದೆ. ತೊಗರಿಯ ಬೇರು ಆಳಕ್ಕಿಳಿದು ಕಪ್ಪು ಮಣ್ಣಿನಲ್ಲಿ ಉಳಿದ ತೇವವನ್ನೇ ಹೀರಿ ಬದುಕುತ್ತದೆ, ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುತ್ತದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ, ಅಂದರೆ ಒಂದು ಪ್ರದೇಶದ್ದೇ ವಿಶಿಷ್ಟ ಉತ್ಪನ್ನವೆಂಬ ಗುರುತು) ಮಾನ್ಯತೆಯೂ ಸಿಕ್ಕಿದೆ. ಇಂಗ್ಲಿಷ್ ಅಲ್ಲಲ್ಲಿ ತಡವರಿಸಿತು ನಿಜ. ಆದರೆ ಆ ನಗರದ ಹುಡುಗನಿಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತಿತ್ತು, ಅದು ಅವಳ ದನಿಯಲ್ಲಿಯೇ ಕೇಳಿಸುತ್ತಿತ್ತು.

ಐದನೆಯ ಹಂತ: ಎಲ್ಲಿ ಬೇಡ

ಇದು ಸ್ವಲ್ಪ ಬಿಗಿಯಾದ, ಸಭೆಯ ಮಾತು. ಚರ್ಚೆ, ವಿಚಾರ ಸಂಕಿರಣ, ಕಚೇರಿಯ ಸಭೆಗಳಿಗೆ ಸರಿ. ಗೆಳೆಯರ ನಡುವೆ ಚಹಾದ ಹೊತ್ತಿನಲ್ಲಿ ಆಡಿದರೆ ಚುಚ್ಚಿದಂತಾಗುತ್ತದೆ. ಒಂದು ಚರ್ಚೆಯಲ್ಲಿ ಒಮ್ಮೆ ಬಳಸಿದರೆ ಸಾಕು. ಅಧಿಕಾರಿಗೋ ಗುರುಗಳಿಗೋ ಹೇಳುವಾಗ ‘ಐ ಸೀ ಇಟ್ ಎ ಲಿಟಲ್ ಡಿಫರೆಂಟ್ಲಿ’ ಇನ್ನೂ ಮೃದು. ಯಾರಾದರೂ ಇಸವಿಯನ್ನೋ ಅಂಕಿಯನ್ನೋ ತಪ್ಪು ಹೇಳಿದರೆ ಅದು ಅಭಿಪ್ರಾಯದ ಪ್ರಶ್ನೆಯಲ್ಲ. ಸರಿಯಾದದ್ದನ್ನು ಮೆಲ್ಲಗೆ ತಿಳಿಸಿದರಾಯಿತು.

ಕಲಬುರಗಿಯಲ್ಲಿ 2008ರಿಂದ ಹೈಕೋರ್ಟ್ ಪೀಠವಿದೆ. ಹಾಗಾಗಿ ಕಾನೂನು ಓದುವ ಮಕ್ಕಳು ನನ್ನನ್ನು ಈ ವಾಕ್ಯದ ಬಗ್ಗೆ ಹೆಚ್ಚು ಕೇಳುತ್ತಾರೆ. ನ್ಯಾಯಮೂರ್ತಿಗಳ ಮುಂದೆ ಇದು ಬೇಡ. ಅಲ್ಲಿ ‘ವಿತ್ ಗ್ರೇಟ್ ರೆಸ್ಪೆಕ್ಟ್’ ಎಂದು ಆರಂಭಿಸುವುದು ರೂಢಿ, ಎದುರು ಪಕ್ಷದ ವಕೀಲರನ್ನು ‘ಮೈ ಲರ್ನೆಡ್ ಫ್ರೆಂಡ್’ ಎನ್ನುತ್ತಾರೆ.

ಇನ್ನು, ಬೇರೆಯವರು ನಿಮಗೇ ಈ ಮಾತು ಹೇಳಿದರೆ? ಮುಖ ಬಿಗಿದುಕೊಳ್ಳಬೇಡಿ. ‘ಪ್ಲೀಸ್ ಗೋ ಅಹೆಡ್’ ಎಂದು ಹೇಳಿ, ಪೆನ್ನು ಕೆಳಗಿಟ್ಟು, ಅವರ ಕಾರಣವನ್ನು ಕೊನೆಯವರೆಗೆ ಕೇಳಿ.