ಹಳೇ ಲಾರಿಯ ಪಂಪ್ ಟೈಮಿಂಗ್ ಹೊಂದಿಸುವುದು ಹೇಗೆ?

ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ, ಏರಿನಲ್ಲಿ ಎಳೆಯದ ಎಂಜಿನ್, ಜಾಸ್ತಿಯಾದ ಡೀಸೆಲ್ ಖರ್ಚು. ಟೈಮಿಂಗ್ ಅಂದರೆ ಪಂಪ್ ಎಂಜಿನ್ನಿಗೆ ಡೀಸೆಲ್ ಒತ್ತಲು ಶುರು ಮಾಡುವ ಹೊತ್ತು. ಅದು ಲೇಟ್ ಆಗಿದ್ದರೆ ಹೀಗಾಗುತ್ತದೆ. ಅಡ್ವಾನ್ಸ್ ಆಗಿದ್ದರೆ, ಅಂದರೆ ಬೇಗ ಆಗಿದ್ದರೆ, ಎಂಜಿನ್ ಟಕಟಕ ಬಡಿಯುತ್ತದೆ. ಆದರೂ ಮೊದಲೇ ಪಂಪಿಗೆ ಕೈ ಹಾಕಬೇಡಿ. ಏರ್ ಫಿಲ್ಟರ್, ಡೀಸೆಲ್ ಚಿಮ್ಮಿಸುವ ನಾಝಲ್, ಟ್ಯಾಪೆಟ್ (ವಾಲ್ವಿನ ಗ್ಯಾಪ್) ನೋಡಿ. ಡೀಸೆಲ್ ಲೈನಿನಲ್ಲಿ ಗಾಳಿ ಸೇರಿದ್ದರೆ ತೆಗೆಯಿರಿ. ಎಷ್ಟೋ ಸಲ ತೊಂದರೆ ಅಲ್ಲೇ ಮುಗಿಯುತ್ತದೆ.

ಈ ವಿಧಾನ ಇನ್‌ಲೈನ್ ಪಂಪಿನ (ಪ್ರತಿ ಸಿಲಿಂಡರಿಗೂ ಒಂದೊಂದು ಪೈಪ್ ಸಾಲಾಗಿ ಹೊರಡುವ ಪಂಪ್), ಆರು ಸಿಲಿಂಡರಿನ ಹಳೇ ಲಾರಿಗಳಿಗೆ. 1951ರಲ್ಲಿ ಶುರುವಾದ ಬೆಂಗಳೂರಿನ ಮೈಕೊ ಕಂಪನಿ ಇಂಥ ಪಂಪುಗಳಿಗೇ ಹೆಸರಾಯಿತು. ಹೊಸ ಬಿಎಸ್ 6 ಕಾಮನ್ ರೈಲ್ ಲಾರಿಗಳಲ್ಲಿ ಟೈಮಿಂಗ್ ನೋಡಿಕೊಳ್ಳುವುದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. ಅಲ್ಲಿ ಸ್ಪಾನರಿಗೆ ಕೆಲಸವಿಲ್ಲ.

ಚಕ್ರಕ್ಕೆ ಕಲ್ಲು ಕೊಡಿ, ಗಿಯರ್ ನ್ಯೂಟ್ರಲ್‌ಗೆ ಹಾಕಿ, ಬ್ಯಾಟರಿ ವೈರ್ ಬಿಚ್ಚಿ. ಎಂಜಿನ್ನನ್ನು ಕೈಯಿಂದಲೇ ತಿರುಗಿಸಿ ಒಂದನೇ ಪಿಸ್ಟನ್ನನ್ನು ಕಂಪ್ರೆಷನ್‌ನಲ್ಲಿ ಮೇಲಕ್ಕೆ ತನ್ನಿ. ಒಂದು ಮತ್ತು ಆರನೇ ಪಿಸ್ಟನ್ ಒಟ್ಟಿಗೇ ಮೇಲೆ ಬರುವುದರಿಂದ ಇಲ್ಲಿ ಮೋಸ ಹೋಗುವುದು ಸುಲಭ. ಆರನೆಯದರ ವಾಲ್ವುಗಳು ಅಲುಗುತ್ತಿದ್ದು, ಒಂದನೆಯದರ ಎರಡೂ ವಾಲ್ವ್ ಮುಚ್ಚಿರಬೇಕು.

ಪಂಪಿನ ಸುತ್ತ ಚೆನ್ನಾಗಿ ಒರೆಸಿ. ಒಂದನೇ ಸಿಲಿಂಡರಿನ ಪೈಪ್ ಬಿಚ್ಚಿ, ಅದರ ಕೆಳಗಿನ ಹೋಲ್ಡರ್ ಬಿಚ್ಚಿ, ಒಳಗಿನ ಡೆಲಿವರಿ ವಾಲ್ವನ್ನೂ ಸ್ಪ್ರಿಂಗನ್ನೂ ತೆಗೆದು ಶುದ್ಧ ಡೀಸೆಲಿನಲ್ಲಿಡಿ. ಹೋಲ್ಡರನ್ನು ಮತ್ತೆ ಕೂರಿಸಿ, ಅದಕ್ಕೆ ಹಂಸದ ಕತ್ತಿನಂತೆ ಬಗ್ಗಿದ ಸಣ್ಣ ಪೈಪ್ ಹಾಕಿ. ಆಕ್ಸಿಲರೇಟರ್ ಲಿವರ್ ಫುಲ್‌ನಲ್ಲಿರಲಿ, ಸ್ಟಾಪ್ ಲಿವರ್ ಎಳೆದಿರಬಾರದು.

ಈಗ ಎಂಜಿನ್ನನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ. ಹ್ಯಾಂಡ್ ಪಂಪ್ ಒತ್ತುತ್ತಿದ್ದರೆ ಪೈಪಿನಿಂದ ಡೀಸೆಲ್ ಹರಿಯುತ್ತದೆ. ನಿಧಾನಕ್ಕೆ ಮುಂದಕ್ಕೆ ತಿರುಗಿಸುತ್ತಾ ಬನ್ನಿ. ಧಾರೆ ಸಣ್ಣದಾಗಿ, ಹನಿಯಾಗುವ ಜಾಗದಲ್ಲೇ ಪಂಪ್ ಡೀಸೆಲ್ ಒತ್ತಲು ಶುರು ಮಾಡುತ್ತದೆ. ಅಲ್ಲಿ ನಿಲ್ಲಿಸಿ, ಫ್ಲೈವೀಲ್ (ಎಂಜಿನ್ನಿನ ದೊಡ್ಡ ಚಕ್ರ) ಮೇಲೆ ಕಂಪನಿ ಹೇಳಿದ ಡಿಗ್ರಿಯ ಗುರುತು ನೋಡಿ. ಗುರುತು ಬರುವ ಮೊದಲೇ ಧಾರೆ ನಿಂತರೆ ಅಡ್ವಾನ್ಸ್, ಗುರುತು ದಾಟಿದ ಮೇಲೆ ನಿಂತರೆ ಲೇಟ್. ತಿರುಗಿಸುವಾಗ ಹನಿಯಾಗುವ ಜಾಗ ದಾಟಿ ಹೋದರೆ ಅಷ್ಟೇ ಹಿಂದಕ್ಕೆ ತಂದು ಸುಮ್ನೆ ಬಿಡಬೇಡಿ. ಗಿಯರ್ ಹಲ್ಲುಗಳ ನಡುವಿನ ಪ್ಲೇ (ಸಡಿಲ) ಲೆಕ್ಕ ಕೆಡಿಸುತ್ತದೆ. ಕಾಲು ಸುತ್ತು ಹಿಂದೆ ಹೋಗಿ ಮತ್ತೆ ಮುಂದಕ್ಕೇ ಬನ್ನಿ.

ವ್ಯತ್ಯಾಸ ಇದ್ದರೆ ಎಂಜಿನ್ನನ್ನು ಕಂಪನಿ ಹೇಳಿದ ಡಿಗ್ರಿಗೇ ನಿಲ್ಲಿಸಿ. ಪಂಪನ್ನು ಎಂಜಿನ್ನಿಗೆ ಹಿಡಿದಿರುವ ಫ್ಲಾಂಜ್ ನಟ್ ಸಡಿಲಿಸಿ, ಹ್ಯಾಂಡ್ ಪಂಪ್ ಒತ್ತುತ್ತಾ, ಧಾರೆ ಹನಿಯಾಗುವವರೆಗೆ ಪಂಪನ್ನು ವಾಲಿಸಿ. ಪಂಪ್ ಶಾಫ್ಟ್ ತಿರುಗುವ ದಿಕ್ಕಿಗೆ ವಿರುದ್ಧ ವಾಲಿಸಿದರೆ ಅಡ್ವಾನ್ಸ್, ಅದೇ ದಿಕ್ಕಿಗೆ ವಾಲಿಸಿದರೆ ಲೇಟ್. ಪಂಪ್ ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುತ್ತದೆ. ಹಾಗಾಗಿ ಪಂಪನ್ನು 1 ಡಿಗ್ರಿ ಸರಿಸಿದರೆ ಎಂಜಿನ್ನಿನಲ್ಲಿ 2 ಡಿಗ್ರಿ ವ್ಯತ್ಯಾಸ. ಕೂದಲೆಳೆಯಷ್ಟೇ ಸರಿಸಿ. ನಟ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಹನಿ ನೋಡಲೇಬೇಕು, ಬಿಗಿಯುವಾಗ ಪಂಪ್ ಸರಿಯುವುದುಂಟು.

ಶಬ್ದ ಕೇಳಿ, ಪಿಕಪ್ ನೋಡಿ ಅಂದಾಜಿಗೆ ಅಡ್ವಾನ್ಸ್ ಕೊಡುವವರಿದ್ದಾರೆ. ಅದು ಬೇಡ. ಪಿಸ್ಟನ್ ಮೇಲೇರುವಾಗಲೇ ಒತ್ತಡ ಹೆಚ್ಚಿ ಹೆಡ್ ಗ್ಯಾಸ್ಕೆಟ್, ಬೇರಿಂಗ್ ಏಟು ತಿನ್ನುತ್ತವೆ.

ಡೆಲಿವರಿ ವಾಲ್ವ್ ಮತ್ತೆ ಹಾಕಿ, ಗಾಳಿ ತೆಗೆದು ಸ್ಟಾರ್ಟ್ ಮಾಡಿ. ಲೀಕ್ ಇದೆಯೇ ಎಂದು ಬೆರಳಿಟ್ಟು ನೋಡಬೇಡಿ, ರಟ್ಟಿನ ತುಂಡು ಹಿಡಿಯಿರಿ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ.