ಎಲ್ಲ ದೂರ ಹೋದಂತೆ ಅನ್ನಿಸಿದಾಗ ಏನು ಮಾಡಬೇಕು, ಯಾರ ಹತ್ತಿರ ಹೋಗಬೇಕು

ಇದ್ದಕ್ಕಿದ್ದಂತೆ ಸುತ್ತಲಿನದೆಲ್ಲ ದೂರ ಸರಿದಂತೆ ಆಗುತ್ತದೆ. ಎದುರಿಗೆ ಕೂತವರ ಮಾತು ಕೇಳುತ್ತದೆ, ಅರ್ಥವೂ ಆಗುತ್ತದೆ, ಆದರೆ ನಮಗೇ ಹೇಳುತ್ತಿದ್ದಾರೆ ಅನ್ನಿಸುವುದಿಲ್ಲ. ಕೈ ನೋಡಿಕೊಂಡರೆ ಬೇರೆ ಯಾರದೋ ಕೈ. ಕೋಲಾರ ಬಸ್ ಸ್ಟ್ಯಾಂಡಿನಲ್ಲಿ ದಿನಾ ಬಸ್ ಹತ್ತುವ ಜಾಗವೇ ಯಾವುದೋ ಗೊತ್ತಿಲ್ಲದ ಊರಿನ ಥರ ಕಾಣುತ್ತದೆ. ಕೆಲವರಿಗೆ ನಡುವಿನ ಅರ್ಧ ಗಂಟೆ ಏನಾಯಿತು ಅನ್ನುವುದೇ ನೆನಪಿರುವುದಿಲ್ಲ. ಡಾಕ್ಟರುಗಳು ಇದನ್ನೆಲ್ಲ ಸೇರಿಸಿ ಡಿಸೋಸಿಯೇಶನ್ ಅನ್ನುತ್ತಾರೆ. ನನಗೆ ಇದು ತುಂಬ ಬರುತ್ತಿತ್ತು, ಈಗಲೂ ಯಾವಾಗಾದರೊಮ್ಮೆ ಬರುತ್ತದೆ. ಆಗ ಕೈಹಿಡಿದದ್ದು ಏನು, ಆಸ್ಪತ್ರೆಯ ದಾರಿ ಯಾವುದು ಅನ್ನುವುದನ್ನು ನಮ್ಮ ಜಿಲ್ಲೆಯವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಹುಚ್ಚು ಹಿಡಿಯುತ್ತಿದೆಯಾ ಅನ್ನುವ ಭಯವೇ ಎಲ್ಲರಿಗೂ ಮೊದಲು ಬರುವುದು. ಹಾಗಲ್ಲ. "ಎಲ್ಲ ಸುಳ್ಳು ಥರ ಕಾಣುತ್ತಿದೆ, ಆದರೆ ಸುಳ್ಳಲ್ಲ ಅಂತ ನನಗೆ ಗೊತ್ತು" ಅನ್ನುವ ಅರಿವು ಸಾಮಾನ್ಯವಾಗಿ ಉಳಿದೇ ಇರುತ್ತದೆ ಅಲ್ವಾ, ಅದೇ ದೊಡ್ಡ ವ್ಯತ್ಯಾಸ. ಆ ಅರಿವೂ ಹೋದರೆ, ಇಲ್ಲವೇ ಯಾರೂ ಇಲ್ಲದೆ ದನಿ ಕೇಳಿಸತೊಡಗಿದರೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ತಡೆಯಲಾರದಷ್ಟು ಭಯ, ನೋವು ಎದುರಾದಾಗ ಮೆದುಳು ಅನುಭವವನ್ನೇ ಮಂಕು ಮಾಡಿ ನಮ್ಮನ್ನು ಉಳಿಸಿಕೊಳ್ಳಲು ನೋಡುತ್ತದೆ. ಅಪಘಾತವಾದಾಗ, ಮನೆಯಲ್ಲಿ ಸಾವಾದಾಗ, ಸಾಲುಸಾಲು ರಾತ್ರಿ ನಿದ್ದೆಗೆಟ್ಟಾಗ ಯಾರಿಗಾದರೂ ಸ್ವಲ್ಪ ಹೊತ್ತು ಹೀಗಾಗಬಹುದು. ಚಿಕ್ಕಂದಿನಲ್ಲಿ ಹೊಡೆತ, ಲೈಂಗಿಕ ಕಿರುಕುಳ ಅನುಭವಿಸಿದವರಲ್ಲಿ ಇದೇ ಅಭ್ಯಾಸವಾಗಿ ಅಪಾಯವೇ ಇಲ್ಲದ ಹೊತ್ತಲ್ಲೂ ಶುರುವಾಗಬಹುದು. ಹಾಗಂತ ಇದು ಬಂದವರಿಗೆಲ್ಲ ಅಂಥ ಹಿನ್ನೆಲೆ ಇರಲೇಬೇಕು ಅಂತಿಲ್ಲ. ಬರೀ ಗಾಬರಿ ಜಾಸ್ತಿಯಾದಾಗಲೂ ಬರುತ್ತದೆ.

ಶುರುವಾಯಿತು ಅಂತ ಗೊತ್ತಾದ ಕೂಡಲೇ ಮಾಡುತ್ತಿರುವ ಕೆಲಸ ನಿಲ್ಲಿಸಿ. ಗಾಡಿ ಓಡಿಸುತ್ತಿದ್ದರೆ ಪಕ್ಕಕ್ಕೆ ಹಾಕಿ ಇಳಿಯಿರಿ, ಹೈವೇಯಲ್ಲಿ "ಇನ್ನೇನು ಮನೆ ಬಂತು" ಅಂತ ಮುಂದುವರಿಯಬೇಡಿ. ನರಸಾಪುರದ ಕಡೆ ಫ್ಯಾಕ್ಟರಿಯಲ್ಲಿ ಮೆಷಿನ್ ಮುಂದೆ ಇರುವವರು ಪಕ್ಕದವರಿಗೆ "ತಲೆ ತಿರುಗುತ್ತಿದೆ, ಐದು ನಿಮಿಷ ನೋಡಿಕೊಳ್ಳಿ" ಅಂದರೆ ಸಾಕು. ಪೂರ್ತಿ ಕಾರಣ ಯಾರಿಗೂ ವಿವರಿಸಬೇಕಿಲ್ಲ. ಒಲೆ ಮುಂದೆ ಇದ್ದರೆ ಮೊದಲು ಗ್ಯಾಸ್ ಆಫ್ ಮಾಡಿ.

ಆಮೇಲೆ ಮೈಯನ್ನು ಈ ಹೊತ್ತಿಗೆ, ಈ ಜಾಗಕ್ಕೆ ವಾಪಸ್ ಕರೆತರಬೇಕು. ಗ್ರೌಂಡಿಂಗ್ ಅನ್ನುವುದು ಇದನ್ನೇ. ಎರಡೂ ಪಾದ ನೆಲಕ್ಕೆ ಊರಿ, ಹಿಮ್ಮಡಿಯನ್ನು ಗಟ್ಟಿಯಾಗಿ ಒತ್ತಿ. ಬೆನ್ನು ಗೋಡೆಗೋ ಕುರ್ಚಿಗೋ ತಾಗಲಿ. ಕಣ್ಣು ಮಾತ್ರ ಮುಚ್ಚಬೇಡಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಗಾಬರಿಯಾದವರಿಗೆಲ್ಲ ನಮ್ಮ ಜನ ಮೊದಲು ಕೊಡುವ ಸಲಹೆ "ಕಣ್ಣು ಮುಚ್ಚಿ ಧ್ಯಾನ ಮಾಡು" ಅಂತಲೇ. ಬೇರೆ ತೊಂದರೆಗೆ ಅದು ಒಳ್ಳೆಯದೇ ಇರಬಹುದು. ಮನಸ್ಸು ಆಗಲೇ ಒಳಗೆ ಎಲ್ಲೋ ಹೊರಟುಹೋಗಿರುವಾಗ ಕಣ್ಣು ಮುಚ್ಚಿದರೆ ಕೆಲವರಿಗೆ ಇನ್ನೂ ದೂರ ಹೋದಂತೆ ಆಗುತ್ತದೆ. ಉಸಿರನ್ನು ಎಣಿಸುವುದೂ ಎಲ್ಲರಿಗೂ ಒಗ್ಗುವುದಿಲ್ಲ. ನಿಮಗೆ ಒಗ್ಗದಿದ್ದರೆ ಬಿಟ್ಟುಬಿಡಿ.

ನನಗೆ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಕೈಯಲ್ಲಿ ಹಿಡಿಯುವ ವಸ್ತು. ನಮ್ಮ ಕಡೆ ರಾಗಿ ಇಲ್ಲದ ಮನೆ ಯಾವುದಿದೆ? ಒಂದು ಮುಷ್ಟಿ ರಾಗಿ ಅಂಗೈಗೆ ಹಾಕಿಕೊಳ್ಳಿ. ಮೊದಲು ತಣ್ಣಗಿರುತ್ತದೆ, ಹಿಡಿದಂತೆ ನಿಧಾನಕ್ಕೆ ಬೆಚ್ಚಗಾಗುತ್ತದೆ. ಬೆರಳು ಸ್ವಲ್ಪ ಸಡಿಲ ಬಿಟ್ಟರೆ ಕಾಳು ಸಂದಿಯಿಂದ ಸುರ್ ಅಂತ ಜಾರುತ್ತದೆ, ಅಂಗೈ ಗೆರೆಯಲ್ಲಿ ಒಂದೆರಡು ಸಿಕ್ಕಿಕೊಂಡು ಉಳಿಯುತ್ತವೆ. ಅವನ್ನು ಇನ್ನೊಂದು ಕೈಯ ಬೆರಳ ತುದಿಯಿಂದ ಒಂದೊಂದಾಗಿ ತೆಗೆಯಿರಿ. ಬಣ್ಣ ನೋಡಿ, ಬಾಯಿಬಿಟ್ಟು ಹೇಳಿ: "ಕೆಂಪು, ನುಣುಪು, ಇದೊಂದು ಸ್ವಲ್ಪ ಕಪ್ಪು." ಬಾಯಿಬಿಟ್ಟು ಹೇಳುವುದು ಮುಖ್ಯ, ಮನಸ್ಸಿನಲ್ಲೇ ಅಂದುಕೊಂಡರೆ ಅಷ್ಟು ಹಿಡಿತ ಸಿಗುವುದಿಲ್ಲ. ಸಣ್ಣ ಪೊಟ್ಟಣ ಕಟ್ಟಿ ಬ್ಯಾಗಿನಲ್ಲಿ ಇಟ್ಟುಕೊಂಡರೆ ಬಸ್ಸಿನಲ್ಲೂ ಆಗುತ್ತದೆ.

ರಾಗಿಯೇ ಆಗಬೇಕೆಂದಿಲ್ಲ. ತಣ್ಣೀರಲ್ಲಿ ಕೈ ಅದ್ದಿ. ಒಂದು ಚೂರು ಹುಣಸೆಹಣ್ಣು ನಾಲಿಗೆ ಮೇಲೆ ಇಟ್ಟುಕೊಳ್ಳಿ. ಕರಿಬೇವು ಅಥವಾ ನೀಲಗಿರಿ ಎಲೆ ಹೊಸಕಿ ಮೂಸಿ. ಆದರೆ ಚಿವುಟಿಕೊಳ್ಳುವುದು, ಬಿಸಿ ಮುಟ್ಟುವುದು, ಗೋಡೆಗೆ ಕೈ ಗುದ್ದುವುದು ಬೇಡವೇ ಬೇಡ. ನೋವು ಕೊಟ್ಟುಕೊಂಡರೆ ಎಚ್ಚರ ಬಂದಂತೆ ಅನ್ನಿಸುತ್ತದೆ, ಆಮೇಲೆ ಮೈಗೆ ನೋವೇ ಅಭ್ಯಾಸವಾಗುತ್ತದೆ.

ಐದು ಕಾಣುವ ವಸ್ತು, ನಾಲ್ಕು ಮುಟ್ಟುವ ವಸ್ತು, ಮೂರು ಸದ್ದು, ಎರಡು ವಾಸನೆ, ಒಂದು ರುಚಿ ಹೇಳುವ ಲೆಕ್ಕವನ್ನು ನೀವು ಕೇಳಿರಬಹುದು. ಒಳ್ಳೆಯ ಲೆಕ್ಕವೇ. ತುಂಬ ಮಂಕಾದಾಗ ಲೆಕ್ಕ ತಪ್ಪಿ ಅದೇ ಇನ್ನೊಂದು ಗಾಬರಿಯಾಗಬಹುದು. ಆಗ ಲೆಕ್ಕ ಬಿಟ್ಟು ಕಂಡದ್ದನ್ನು ಓದುತ್ತಾ ಹೋಗಿ: ಅಂಗಡಿ ಬೋರ್ಡು, ಬಸ್ಸಿನ ನಂಬರು, ಗೋಡೆ ಮೇಲಿನ ಜಾಹೀರಾತು. ಬೆಂಗಳೂರಿನ ಬಸ್ಸಿನಲ್ಲಿ ಕೂತಿದ್ದರೆ ನರಸಾಪುರ, ಹೊಸಕೋಟೆ, ಕೆ.ಆರ್.ಪುರ ಅಂತ ಬರುವ ಊರುಗಳನ್ನು ಮೊದಲೇ ಹೇಳಿಕೊಂಡು ಬಂದಾಗ ಗುರುತು ಹಿಡಿಯಿರಿ. ಜೊತೆಗೆ ಒಂದು ವಾಕ್ಯ ಬರೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಬಂದಾಗ ಓದಿ: "ನನ್ನ ಹೆಸರು ಇದು, ನನಗೆ ಇಷ್ಟು ವಯಸ್ಸು, ನಾನೀಗ ಕೋಲಾರದಲ್ಲಿದ್ದೇನೆ, ಆಗ ನಡೆದದ್ದು ಮುಗಿದಿದೆ." ಮುಗಿದಿಲ್ಲ, ಮನೆಯಲ್ಲಿ ಈಗಲೂ ಹೊಡೆತ ಬೀಳುತ್ತಿದೆ ಅನ್ನುವವರಿಗೆ ಈ ವಾಕ್ಯ ಅಲ್ಲ. ನಿಮಗೆ ಬೇಕಾದದ್ದು ರಕ್ಷಣೆ. ಹೆಂಗಸರಿಗೆ 181, ಮಕ್ಕಳಿಗೆ 1098, ತುರ್ತು ಇದ್ದರೆ 112.

ಇದನ್ನೆಲ್ಲ ಚೆನ್ನಾಗಿರುವ ದಿನವೇ ಮಾಡಿ ರೂಢಿ ಮಾಡಿಕೊಳ್ಳಬೇಕು. ಬಂದಾಗಲೇ ಕಲಿಯುತ್ತೇನೆ ಅಂದರೆ ಆಗ ಏನೂ ನೆನಪಾಗುವುದಿಲ್ಲ. ಇನ್ನೊಂದು ವಿಷಯ, ಹೋಯಿತಾ ಇಲ್ಲವಾ ಅಂತ ಪದೇ ಪದೇ ಪರೀಕ್ಷೆ ಮಾಡಿಕೊಳ್ಳಬೇಡಿ. ಕನ್ನಡಿ ಮುಂದೆ ನಿಂತು ಮುಖ ನನ್ನದೇನಾ ಅಂತ ದಿಟ್ಟಿಸುವುದು, ರಾತ್ರಿಯೆಲ್ಲ ಗೂಗಲ್‌ನಲ್ಲಿ ಲಕ್ಷಣ ಹುಡುಕುವುದು, ಇವೆರಡೂ ಅದನ್ನು ಬೆಳೆಸುತ್ತವೆ. ಪೂರ್ತಿ ಹೋಗದಿದ್ದರೂ ಪರವಾಗಿಲ್ಲ. ಸ್ವಲ್ಪ ಹಿಡಿತ ಸಿಕ್ಕ ಕೂಡಲೇ ಸೊಪ್ಪು ಬಿಡಿಸುವುದೋ ಬಟ್ಟೆ ಮಡಚುವುದೋ ಕೈಗೆ ಒಂದು ಸಣ್ಣ ಕೆಲಸ ಕೊಡಿ. ನಿದ್ದೆಗೆಡುವುದು, ಹೊತ್ತಿಗೆ ಉಣ್ಣದಿರುವುದು ಇದಕ್ಕೆ ನೇರ ದಾರಿ, ನೈಟ್ ಶಿಫ್ಟ್‌ನವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಗಾಂಜಾ ಸೇದುವವರಿಗೆ ಅದೇ ಕಾರಣವಾಗಿರಬಹುದು. ಡಾಕ್ಟರ ಮುಂದೆ ಅದನ್ನು ಮುಚ್ಚಿಡಬೇಡಿ.

ಮನೆಯವರಿಗೆ ಎರಡು ಮಾತು. ಮಗಳೋ ತಮ್ಮನೋ ಒಂದೇ ಕಡೆ ನೋಡುತ್ತಾ ಕೂತುಬಿಟ್ಟರೆ ಭುಜ ಹಿಡಿದು ಅಲುಗಾಡಿಸಬೇಡಿ, ಮುಖಕ್ಕೆ ನೀರು ಎರಚಬೇಡಿ, ನಾಟಕ ಅನ್ನಬೇಡಿ. ಎದುರಿಗೆ, ಸ್ವಲ್ಪ ದೂರದಲ್ಲಿ ಕೂತು ಹೆಸರು ಹಿಡಿದು ಕರೆಯಿರಿ. "ನಾನು ಅಮ್ಮ, ನಾವು ಮನೆಯಲ್ಲಿದ್ದೀವಿ, ಇವತ್ತು ಭಾನುವಾರ, ನಿನ್ನ ಕೈ ಹಿಡ್ಕೊಳ್ಲಾ?" ಅಂತ ಕೇಳಿಯೇ ಮುಟ್ಟಿ. ಗಾಳಿ ಸೋಕಿದೆ ಅಂತ ಯಾರಾದರೂ ಹೇಳಿದರೆ, ದೇವಸ್ಥಾನಕ್ಕೋ ದರ್ಗಾಕ್ಕೋ ಹೋಗಿ ಬರುವುದು ನಿಮ್ಮ ನಂಬಿಕೆ, ಅದರಿಂದ ಮನಸ್ಸಿಗೆ ಸಮಾಧಾನ ಸಿಕ್ಕರೆ ಸಿಗಲಿ. ಜಾತ್ರೆಯಲ್ಲಿ ಮೈಮೇಲೆ ದೇವರು ಬರುವುದನ್ನು ವೈದ್ಯರೂ ಕಾಯಿಲೆ ಅನ್ನುವುದಿಲ್ಲ. ಆದರೆ ಬಿಡಿಸುತ್ತೇನೆ ಅಂತ ಹೊಡೆಯುವುದು, ಬರೆ ಹಾಕುವುದು, ಕಟ್ಟಿಹಾಕುವುದು ಹಿಂಸೆ. ಇಂಥ ಅಮಾನವೀಯ ಆಚರಣೆಗಳ ವಿರುದ್ಧ ಕರ್ನಾಟಕದಲ್ಲಿ 2017ರ ಕಾಯ್ದೆಯೇ ಇದೆ.

ಈಗ ಡಾಕ್ಟರ ವಿಷಯ. ಗ್ರೌಂಡಿಂಗ್ ಆ ಹೊತ್ತನ್ನು ದಾಟಿಸುತ್ತದೆ, ಒಳಗಿನ ಕಾರಣವನ್ನು ಮುಟ್ಟುವುದಿಲ್ಲ. ಮತ್ತೆ ಮತ್ತೆ ಬರುತ್ತಿದ್ದರೆ, ನೆನಪು ಹಾರುತ್ತಿದ್ದರೆ, ಕೆಲಸ, ಓದು, ಮನೆ ನಡೆಯದಂತೆ ಆಗಿದ್ದರೆ ತೋರಿಸಲೇಬೇಕು. ಎಲ್ಲಿಂದ ಶುರು ಮಾಡುವುದು ಅಂತ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್, ಮನಸ್ಸಿನ ತೊಂದರೆಗೆ ಇರುವ ಸರ್ಕಾರಿ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ, ಹಗಲು ರಾತ್ರಿ ಇರುತ್ತದೆ. ಸತ್ತರೆ ಸಾಕು ಅನ್ನುವ ಯೋಚನೆ ಬರುತ್ತಿದ್ದರೆ ಈ ಲೇಖನ ಓದಿ ಮುಗಿಸುವ ತನಕವೂ ಕಾಯಬೇಡಿ, ಈಗಲೇ ಮಾಡಿ, ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಿ.

ಕೋಲಾರದಲ್ಲಿ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಗೆ ಹೋಗಿ ಮನೋವೈದ್ಯರು ಯಾವ ಹೊತ್ತಿಗೆ ಸಿಗುತ್ತಾರೆ ಅಂತ ಕೇಳಿ. ಟಮಕದ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲೂ ವಿಚಾರಿಸಬಹುದು. ಮುಳಬಾಗಿಲು, ಶ್ರೀನಿವಾಸಪುರ, ಮಾಲೂರು ಕಡೆಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಅಂತ ಹೇಳಿ ವಿಚಾರಿಸಿ, ಮಂಗಳವಾರ ಮನೋವೈದ್ಯರು ತಾಲ್ಲೂಕಿಗೆ ಬರುವ ಸರ್ಕಾರಿ ಕಾರ್ಯಕ್ರಮ ಅದು. ಅಲ್ಲಿಂದ ಬೇಕಾದರೆ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ.

ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಯಾವಾಗ ಶುರುವಾಯಿತು, ಎಷ್ಟು ಹೊತ್ತು ಇರುತ್ತದೆ, ಅದಕ್ಕೆ ಮುಂಚೆ ಏನಾಗಿತ್ತು, ಆಮೇಲೆ ನೆನಪಿರುತ್ತದಾ, ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. ಬಿದ್ದದ್ದು, ನಾಲಿಗೆ ಕಚ್ಚಿಕೊಂಡದ್ದು, ಗೊತ್ತಿಲ್ಲದೆ ಮೂತ್ರ ಹೋದದ್ದು ಇದ್ದರೆ ನಾಚದೆ ಹೇಳಿ. ಕೆಲವು ಥರದ ಫಿಟ್ಸ್ ಕೂಡ ಹೀಗೇ ಕಾಣುತ್ತದೆ, ಅದಕ್ಕೆ ಇ.ಇ.ಜಿ. ಅನ್ನುವ ಮೆದುಳಿನ ಪರೀಕ್ಷೆ ಮಾಡಿಸಬೇಕಾಗಬಹುದು, ಅದರ ಔಷಧಿಯೇ ಬೇರೆ.

ಡಿಸೋಸಿಯೇಶನ್ ಅನ್ನೇ ಗುರಿಯಿಟ್ಟು ತೆಗೆಯುವ ಮಾತ್ರೆ ಅಂತ ಒಂದಿಲ್ಲ. ಜೊತೆಗಿರುವ ಆತಂಕ, ಖಿನ್ನತೆ, ನಿದ್ರಾಹೀನತೆಗೆ ಮಾತ್ರೆ ಕೊಡುತ್ತಾರೆ, ಅದರಿಂದ ಇದೂ ಹಗುರವಾಗಬಹುದು. ಮುಖ್ಯವಾದದ್ದು ಮಾತಿನ ಚಿಕಿತ್ಸೆ. ಅದನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಮಾಡಿಸಿ, ಖಾಸಗಿಯವರಾದರೆ ಆರ್.ಸಿ.ಐ. (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಇದೆಯಾ ಅಂತ ಕೇಳಿ, ಕೇಳುವುದರಲ್ಲಿ ತಪ್ಪಿಲ್ಲ. ಒಳ್ಳೆಯ ಚಿಕಿತ್ಸಕರು ಮೊದಲನೇ ದಿನವೇ ಹಳೆಯದನ್ನೆಲ್ಲ ಕೆದಕಿಸುವುದಿಲ್ಲ. ಮೊದಲು ನಿದ್ದೆ, ಸುರಕ್ಷತೆ, ಗ್ರೌಂಡಿಂಗ್ ಗಟ್ಟಿ ಮಾಡಿಸಿ, ಆಮೇಲೆ ನಿಮಗೆ ತಾಳುವಷ್ಟೇ ಹಳೆಯದಕ್ಕೆ ಕೈ ಹಾಕುತ್ತಾರೆ. ಮಾತಾಡುವಾಗಲೇ ಮಂಕಾದರೆ "ಈಗ ಬರುತ್ತಿದೆ, ನಿಲ್ಲಿಸೋಣ" ಅನ್ನುವ ಹಕ್ಕು ನಿಮಗಿದೆ. ವಾರ ವಾರ ಹೋಗಿಬರುವುದು ಕಷ್ಟವಾದರೆ ನಡುವಿನ ಕೆಲವು ಸಲ ಫೋನಿನಲ್ಲಿ ಮಾತಾಡಬಹುದಾ ಅಂತ ಮೊದಲ ಭೇಟಿಯಲ್ಲೇ ಕೇಳಿಟ್ಟುಕೊಳ್ಳಿ. ಸ್ವಲ್ಪ ಚೆನ್ನಾಗಾಯಿತು ಅಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿದರೆ ನಿಧಾನಕ್ಕೆ ಇಳಿಸುತ್ತಾರೆ.