ಬೆಳಗಾವಿಯ ಮಳೆಯಲ್ಲಿ ಹಳೆಯ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್ ಕಾಪಾಡಿಕೊಳ್ಳುವುದು ಹೇಗೆ?

ತಂಬೂರಿಯ ತಂತಿಯ ಕೆಳಗಿನ ದಾರವನ್ನು ಎಳ್ಳಿನಷ್ಟು ಸರಿಸಿದ ಕೂಡಲೇ ನಾದ ಅರಳುವುದನ್ನು ಹತ್ತಿರ ಕುಳಿತು ಕೇಳಿದವರಿಗೆ, ಮನೆಯ ಸ್ಪೀಕರಿನಲ್ಲಿ ಅದೇ ನಾದ ಮಂಕಾಗಿ ಬರುವುದೂ ಗೊತ್ತಿರುತ್ತದೆ. ಆ ಅರಳುವಿಕೆಯನ್ನು ಬಹುಮಟ್ಟಿಗೆ ಉಳಿಸಿಕೊಡುವ ಯಂತ್ರವೆಂದರೆ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರ್. ಇವುಗಳಲ್ಲಿ ಹೆಚ್ಚು ಹೆಸರಾದದ್ದು ಇಂಗ್ಲೆಂಡಿನ ಹಂಟಿಂಗ್ಡನ್ ಪಟ್ಟಣದಲ್ಲಿ ಪೀಟರ್ ವಾಕರ್ ರೂಪಿಸಿ 1957ರಲ್ಲಿ ಮಾರುಕಟ್ಟೆಗೆ ತಂದ ಕ್ವಾಡ್ ಇಎಸ್ಎಲ್ (ಎಲೆಕ್ಟ್ರೋಸ್ಟ್ಯಾಟಿಕ್ ಲೌಡ್‌ಸ್ಪೀಕರ್). ಅದರ ಒಂದು ಜೋಡಿ ತಿಲಕವಾಡಿಯ ನಮ್ಮ ಹಳೆಯ ಹೆಂಚಿನ ಮನೆಯ ಪಡಸಾಲೆಯಲ್ಲಿ ಹದಿನಾಲ್ಕು ಮಳೆಗಾಲಗಳನ್ನು ಕಂಡಿದೆ. ಈ ಹದಿನಾಲ್ಕು ವರ್ಷಗಳಲ್ಲಿ ನಾನು ಅರಿತದ್ದಿಷ್ಟು: ಈ ಸ್ಪೀಕರಿನ ಆರೈಕೆಯಲ್ಲಿ ಮುಕ್ಕಾಲು ಪಾಲು ಅದು ಇರುವ ಕೋಣೆಯ ಗಾಳಿಯ ಆರೈಕೆ, ರಿಪೇರಿಯ ಪಾಲು ಉಳಿದ ಕಾಲು ಮಾತ್ರ.

ಮೊದಲು ಅದು ಕೆಲಸ ಮಾಡುವ ಬಗೆ

ಸಾಮಾನ್ಯ ಸ್ಪೀಕರಿನಲ್ಲಿ ಅಯಸ್ಕಾಂತ, ತಂತಿಯ ಸುರುಳಿ ಮತ್ತು ಕಾಗದದ ಶಂಕು ಇರುತ್ತವೆ. ಇಲ್ಲಿ ಅವು ಯಾವುವೂ ಇಲ್ಲ, ಮರದ ಪೆಟ್ಟಿಗೆಯೂ ಇಲ್ಲ. ಕೂದಲೆಳೆಗಿಂತ ಹಲವು ಪಟ್ಟು ತೆಳುವಾದ ಪ್ಲಾಸ್ಟಿಕ್ ಪೊರೆಯೊಂದನ್ನು ಚೌಕಟ್ಟಿಗೆ ಬಿಗಿದು, ಅದರ ಹಿಂದೆ ಮುಂದೆ ರಂಧ್ರಗಳಿರುವ ಎರಡು ಫಲಕಗಳನ್ನು ನಿಲ್ಲಿಸಿರುತ್ತಾರೆ. ಪೊರೆಗೆ ಸದಾಕಾಲ ಭಾರಿ ವೋಲ್ಟೇಜಿನ ವಿದ್ಯುದಂಶವನ್ನು ತುಂಬಿಡಲಾಗುತ್ತದೆ. ಆಂಪ್ಲಿಫಯರಿನಿಂದ ಬಂದ ಸಂಗೀತದ ಸಂಕೇತವು ಟ್ರಾನ್ಸ್‌ಫಾರ್ಮರಿನ ಮೂಲಕ ಹಿಗ್ಗಿ ಎರಡೂ ಫಲಕಗಳಿಗೆ ಹೋದಾಗ, ಒಂದು ಪೊರೆಯನ್ನು ಸೆಳೆದರೆ ಇನ್ನೊಂದು ನೂಕುತ್ತದೆ. ಪೊರೆಗೆ ಭಾರವೆಂಬುದೇ ಇಲ್ಲದಂತಿರುವುದರಿಂದ ಅದು ತಡವರಿಸದೆ ಚಲಿಸುತ್ತದೆ, ತಡವರಿಸದೆ ನಿಲ್ಲುತ್ತದೆ.

1957ರ ಮಾದರಿಯಲ್ಲಿ ನಡುವೆ ಏರುಸ್ವರಗಳ ಒಂದು ಪಟ್ಟಿ, ಅದರ ಎರಡೂ ಮಗ್ಗುಲಲ್ಲಿ ಮಂದ್ರದ ಒಂದೊಂದು ಫಲಕ (ಪೊರೆಯೂ ಸೇರಿದ ಇಡೀ ಜೋಡಣೆ) ಇರುತ್ತವೆ. ನಡುಪಟ್ಟಿಯ ಪೊರೆಗೆ ಸುಮಾರು 1,500 ವೋಲ್ಟ್, ಮಂದ್ರದ ಪೊರೆಗಳಿಗೆ ಸುಮಾರು 6,000 ವೋಲ್ಟ್ ಬೇಕು. ಡಯೋಡ್ ಮತ್ತು ಕಪಾಸಿಟರುಗಳನ್ನು ಏಣಿಯ ಮೆಟ್ಟಿಲಿನಂತೆ ಜೋಡಿಸಿದ ಮಂಡಲವೊಂದು ಮನೆಯ ಕರೆಂಟನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಈ ವೋಲ್ಟೇಜನ್ನು ಒದಗಿಸುತ್ತದೆ. ಹೀಗಾಗಿ ಈ ಸ್ಪೀಕರಿಗೆ ಆಂಪ್ಲಿಫಯರಿನ ತಂತಿಯ ಜೊತೆಗೆ ಗೋಡೆಯ ಪ್ಲಗ್ ಕೂಡ ಬೇಕು.

ಇಲ್ಲಿಯೇ ಒಂದು ಎಚ್ಚರಿಕೆಯನ್ನು ಹೇಳಿ ಮುಂದುವರಿಯುತ್ತೇನೆ. ಪ್ಲಗ್ ಕಿತ್ತ ಮೇಲೂ ಒಳಗಿನ ವಿದ್ಯುದಂಶ ಬಹಳ ಹೊತ್ತು ಉಳಿದಿರುತ್ತದೆ, ಫಲಕ ಎಷ್ಟು ಸುಸ್ಥಿತಿಯಲ್ಲಿದೆಯೋ ಅಷ್ಟು ಹೆಚ್ಚು ಹೊತ್ತು. ಹಿಂಬದಿಯ ಜಾಲರಿಯನ್ನು ಬಿಚ್ಚುವ ಕೆಲಸವನ್ನು ಭಾರಿ ವೋಲ್ಟೇಜಿನ ಅನುಭವವುಳ್ಳ ತಂತ್ರಜ್ಞರಿಗೇ ಬಿಡಬೇಕು. ಅವರು ಕೂಡ ಪ್ಲಗ್ ಕಿತ್ತು ಒಂದು ರಾತ್ರಿ ಬಿಟ್ಟು, ಆಮೇಲೆ ರೆಸಿಸ್ಟರಿನ ಮೂಲಕ ಉಳಿದ ಅಂಶವನ್ನು ಇಳಿಸಿಯೇ ಕೈ ಹಾಕುತ್ತಾರೆ.

ಕೊಳ್ಳುವಾಗ

ಹೊರಗಿನ ಕಂಚಿನ ಬಣ್ಣದ ಜಾಲರಿ ಎಷ್ಟು ಹೊಳೆಯುತ್ತದೆ ಎಂಬುದಕ್ಕೆ ಬೆಲೆಯಿಲ್ಲ. ಎರಡು ಸ್ಪೀಕರುಗಳನ್ನೂ ಒಂದು ದಿನ ಪೂರ್ತಿ ಕರೆಂಟಿಗೆ ಹಾಕಿಡಲು ಮಾರುವವರನ್ನು ವಿನಂತಿಸಿಕೊಳ್ಳಿ, ಏಕೆಂದರೆ ಬಹುಕಾಲ ಸುಮ್ಮನಿದ್ದ ಪೊರೆ ಪೂರ್ತಿ ತುಂಬಿಕೊಳ್ಳಲು ಗಂಟೆಗಳು ಬೇಕು. ಮರುದಿನ ಹೋಗಿ, ಒಂಟಿ ಧ್ವನಿಯ ಮೋನೋ ಮುದ್ರಣವೊಂದನ್ನು ಒಮ್ಮೆ ಎಡಗಡೆಯ ಸ್ಪೀಕರಿನಲ್ಲಿ, ಒಮ್ಮೆ ಬಲಗಡೆಯದರಲ್ಲಿ ಅದೇ ಮಟ್ಟದಲ್ಲಿ ಕೇಳಿ. ನಾನು ಇದಕ್ಕೆ ಬಳಸುವುದು, ಇದೇ ಬೆಳಗಾವಿ ಪಕ್ಕದ ಸುಳೇಭಾವಿಯಲ್ಲಿ 1924ರಲ್ಲಿ ಜನಿಸಿದ ಕುಮಾರ ಗಂಧರ್ವರ ಗಾಯನವನ್ನು. ಆ ಕಂಠದಲ್ಲಿ ಒಮ್ಮೆಲೇ ಏರುವ ಸ್ವರವೂ ಇದೆ, ಅದರ ಮರುಕ್ಷಣವೇ ಉಸಿರಿನಷ್ಟು ಮೆಲ್ಲಗಾಗುವ ಸ್ವರವೂ ಇದೆ. ಫಲಕದ ದೋಷ ಈ ಎರಡರ ನಡುವೆ ಅಡಗಿಕೊಳ್ಳಲಾರದು. ಒಂದು ಸ್ಪೀಕರ್ ಮೆತ್ತಗೆ ಕೇಳಿದರೆ ಅದರ ಭಾರಿ ವೋಲ್ಟೇಜಿನ ಮಂಡಲ ದಣಿದಿದೆ, ಇಲ್ಲವೇ ವಿದ್ಯುದಂಶವನ್ನು ಹಿಡಿದಿಡುವ ಪೊರೆಯ ಮೇಲಿನ ಲೇಪ ಸವೆದಿದೆ. ಧ್ವನಿ ಇದ್ದೂ ಕಾಂತಿ ಇಲ್ಲವೆಂದಾದರೆ ನಡುಪಟ್ಟಿಯ ಕಡೆ ಸಂಶಯಪಡಿ.

ಆಮೇಲೆ ಮುಖ್ಯವಾದ ಪರೀಕ್ಷೆ. ಹಾಡು ನಡೆಯುತ್ತಿರುವಾಗಲೇ ಸ್ಪೀಕರಿನ ಗೋಡೆಯ ಪ್ಲಗ್ ಕಿತ್ತು ಗಡಿಯಾರ ನೋಡಿ. ಒಳ್ಳೆಯ ಫಲಕವು ತುಂಬಿಕೊಂಡ ವಿದ್ಯುದಂಶದ ಮೇಲೆಯೇ ಬಹಳ ನಿಮಿಷಗಳ ಕಾಲ ಹಾಡುತ್ತ ಹೋಗಿ ನಿಧಾನವಾಗಿ ಇಳಿಯುತ್ತದೆ. ಧ್ವನಿ ಬೇಗ ಕುಸಿದರೆ ಎಲ್ಲೋ ಸೋರಿಕೆಯಿದೆ ಎಂದು ತಿಳಿಯಬೇಕು. ಆ ನಿಮಿಷಗಳನ್ನು ಎರಡೂ ಸ್ಪೀಕರುಗಳಿಗೆ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ. ಮುಂದೆ ಅವು ಬೇಕಾಗುತ್ತವೆ.

1957ರಲ್ಲಿ ಮನೆಗಳಲ್ಲಿ ಇನ್ನೂ ಮೋನೋ ಕಾಲವಾದ್ದರಿಂದ ಅನೇಕರು ಒಂದನ್ನೇ ಕೊಂಡು, ವರ್ಷಗಳ ನಂತರ ಇನ್ನೊಂದನ್ನು ಸೇರಿಸಿಕೊಂಡರು. ಆದುದರಿಂದ ಜೋಡಿಯ ಎರಡೂ ಸ್ಪೀಕರುಗಳು ಒಂದೇ ವಯಸ್ಸಿನವೆಂದು ಭಾವಿಸಬೇಡಿ. 1981ರಲ್ಲಿ ಬಂದ ಇಎಸ್ಎಲ್-63 ಎಂಬ ಮುಂದಿನ ಮಾದರಿಯಲ್ಲಿ ರಕ್ಷಣಾ ಮಂಡಲವಿದೆ. ಆದರೆ ಅದರ ಫಲಕಗಳ ಅಂಟು ವಯಸ್ಸಾದಂತೆ ಬಿಟ್ಟುಕೊಂಡು, ಕೆಲವು ಸ್ವರಗಳಿಗೆ ಜಿರ್ ಎಂಬ ಸದ್ದು ಸೇರಿಕೊಳ್ಳುತ್ತದೆ.

ಮನೆಗೆ ತರುವಾಗ ಕೌದಿಗಳಲ್ಲಿ ಸುತ್ತಿ, ನೆಟ್ಟಗೆ ನಿಲ್ಲಿಸಿ ತನ್ನಿ. ತಂದ ದಿನವೇ ಪ್ಲಗ್ ಹಾಕದೆ, ಕೋಣೆಯ ಗಾಳಿಗೆ ಹೊಂದಿಕೊಳ್ಳಲು ಒಂದು ದಿನ ಬಿಡಿ.

ಗಾಳಿ, ತೇವ, ಧೂಳು

ಪೊರೆಗೆ ವಿದ್ಯುದಂಶ ಹರಿದುಬರುವುದು ಅತಿ ದೊಡ್ಡ ರೆಸಿಸ್ಟರುಗಳ ಮೂಲಕ, ಅತಿ ಸಣ್ಣ ಪ್ರಮಾಣದಲ್ಲಿ. ಹನಿ ಹನಿಯಾಗಿ ತುಂಬುವ ಕೊಡಕ್ಕೆ ಕೂದಲಿನಷ್ಟು ಬಿರುಕಿದ್ದರೂ ಅದು ತುಂಬುವುದಿಲ್ಲವಷ್ಟೆ? ಧೂಳು ಒಣಗಿರುವ ತನಕ ವಿದ್ಯುತ್ತಿಗೆ ದಾರಿ ಕೊಡುವುದಿಲ್ಲ. ಅದೇ ಧೂಳು ತೇವವನ್ನು ಹೀರಿದರೆ ಪೊರೆಯ ಅಂಚಿನಲ್ಲಿ ಬಿರುಕಿನಂತೆ ಕೆಲಸ ಮಾಡುತ್ತದೆ. ಧ್ವನಿ ಇಳಿಯುತ್ತದೆ, ಹಾಡು ಇಲ್ಲದಾಗಲೂ ಟಿಕ್ ಟಿಕ್ ಎಂಬ ಸದ್ದು ಕೇಳಿಸುತ್ತದೆ. ವಿಜಯಪುರದ ಕಡೆಯ ಮನೆಗಳಲ್ಲಿ ಧೂಳು ಹೆಚ್ಚು, ತೇವ ಕಡಿಮೆ. ಸಹ್ಯಾದ್ರಿಯ ಸೆರಗಿನಲ್ಲಿರುವ ನಮ್ಮ ಬೆಳಗಾವಿಯಲ್ಲಿ ಬೇಸಿಗೆಯ ಧೂಳಿನ ಮೇಲೆ ಮಳೆಗಾಲದ ತೇವ ಬಂದು ಕೂರುತ್ತದೆ.

ಆದಕಾರಣ ರೋಹಿಣಿ ಮಳೆ ಹಿಡಿಯುವ ಮೊದಲೇ ಕೆಲಸ ಆರಂಭವಾಗಬೇಕು. ಸ್ಪೀಕರಿನ ಹಿಂದೆ ಮುಂದೆ ಧೂಳನ್ನು ತಡೆಯಲೆಂದೇ ಬಿಗಿದ ತೆಳು ಪ್ಲಾಸ್ಟಿಕ್ ಹಾಳೆಗಳು ಇರುತ್ತವೆ. ಅವು ಹರಿದಿವೆಯೇ, ಅಂಚಿನಲ್ಲಿ ಬಿಟ್ಟುಕೊಂಡಿವೆಯೇ ಎಂದು ಜಾಲರಿಯ ಹೊರಗಿನಿಂದಲೇ ಟಾರ್ಚ್ ಬಿಟ್ಟು ನೋಡಿ. ಹರಿದಿದ್ದರೆ ಮೊದಲು ಮಾಡಿಸಬೇಕಾದ ರಿಪೇರಿ ಇದೇ. ವಿದ್ಯುದಂಶ ತುಂಬಿದ ಪೊರೆ ಬಾಚಣಿಗೆ ಕಾಗದದ ಚೂರನ್ನು ಸೆಳೆಯುವಂತೆ ಧೂಳನ್ನು ಸೆಳೆಯುವುದರಿಂದ, ಹರಿದ ಹಾಳೆಯ ಸ್ಪೀಕರ್ ಪ್ರತಿದಿನವೂ ಕೆಡುತ್ತಲೇ ಹೋಗುತ್ತದೆ. ಹೊರಗಿನ ಜಾಲರಿಯನ್ನು, ಪ್ಲಗ್ ಕಿತ್ತು, ಮೆತ್ತನೆಯ ಒಣ ಕುಂಚದಿಂದ ಸವರಿದರೆ ಸಾಕು. ಒದ್ದೆ ಬಟ್ಟೆ ಬೇಡ. ವ್ಯಾಕ್ಯೂಮ್ ಕ್ಲೀನರನ್ನಂತೂ ಹತ್ತಿರ ತರಬೇಡಿ, ಅದರ ಸೆಳೆತಕ್ಕೆ ಹಾಳೆ ಕಿತ್ತುಬರಬಹುದು.

ಮೃಗಶಿರಾ ಮಳೆಯಿಂದ ಮಘಾ ಮಳೆಯವರೆಗೆ ಕೋಣೆಯ ತೇವವನ್ನು ಅಳೆಯುವ ಸಣ್ಣ ಮಾಪಕವೊಂದನ್ನು ಸ್ಪೀಕರಿನ ಬಳಿ ಇಡಿ. ತೇವಾಂಶ ಶೇ 60ರ ಒಳಗಿದ್ದರೆ ನಿಶ್ಚಿಂತೆ. ನಮ್ಮ ಮನೆಯಲ್ಲಿ ಇದನ್ನು ಕೆಡಿಸುತ್ತಿದ್ದದ್ದು ಹೊರಗಿನ ಮಳೆಗಿಂತ ಹೆಚ್ಚಾಗಿ, ಪಡಸಾಲೆಯಲ್ಲಿ ಹಗ್ಗ ಕಟ್ಟಿ ಒಣಹಾಕುತ್ತಿದ್ದ ಒದ್ದೆ ಬಟ್ಟೆಗಳು. ಬಟ್ಟೆಯ ಹಗ್ಗವನ್ನು ಹಿಂದಿನ ಕೋಣೆಗೆ ಸಾಗಿಸಿದ ವರ್ಷವೇ ಟಿಕ್ ಟಿಕ್ ಸದ್ದು ಬಹಳಮಟ್ಟಿಗೆ ನಿಂತಿತು. ಇನ್ನೂ ಬೇಕೆನಿಸಿದರೆ ಗಾಳಿಯ ತೇವ ಹೀರುವ ಯಂತ್ರವನ್ನು ಬಾಗಿಲು ಮುಚ್ಚಿ ದಿನಕ್ಕೆ ಕೆಲವು ಗಂಟೆ ನಡೆಸಬಹುದು. ಒಗ್ಗರಣೆಯ ಎಣ್ಣೆಹೊಗೆ, ಊದಿನಕಡ್ಡಿಯ ಹೊಗೆ ಮತ್ತು ದೀಪದ ಕಾಡಿಗೆ ಇವೂ ಜಾಲರಿಯನ್ನು ದಾಟಿ ಒಳಗೆ ಅಂಟುತ್ತವೆ. ಖಂಡೇಪೂಜೆಯ ದಿನ ಮನೆಯವರು ಭಕ್ತಿಯಿಂದ ಸ್ಪೀಕರಿಗೂ ಪೂಜೆ ಸಲ್ಲಿಸುವುದು ಸಹಜ. ಆದರೆ ಅರಿಶಿನ, ಕುಂಕುಮ ಮತ್ತು ನೀರಿನ ಪ್ರೋಕ್ಷಣೆಯನ್ನು ಮುಂದಿನ ಮಣೆಗೆ ಮಾಡಿ, ಜಾಲರಿಗೆ ಬೇಡ. ಹಿಂಬದಿಯ ಸಂದಿಗಳಲ್ಲಿ ಹಲ್ಲಿ, ಜೇಡಗಳು ಮನೆ ಮಾಡದಂತೆಯೂ ಕಣ್ಣಿಟ್ಟಿರಬೇಕು.

ಸ್ಪೀಕರನ್ನು ಸದಾ ಕರೆಂಟಿನಲ್ಲೇ ಇಡಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಧೂಳಿನ ಹಾಳೆ ಸರಿಯಿದ್ದರೆ ಮಳೆಗಾಲದಲ್ಲಿ ಹಾಕಿಯೇ ಇಡಿ. ಅದು ಬಳಸುವ ಕರೆಂಟು ಅತ್ಯಲ್ಪ, ಪೊರೆ ತುಂಬಿಯೇ ಇರುತ್ತದೆ. ಗುಡುಗು ಸಿಡಿಲಿನ ದಿನ ಮಾತ್ರ ಪ್ಲಗ್ ಕಿತ್ತಿಡಿ.

ಮನೆಯ ಕರೆಂಟು

ಏಣಿಯ ಮಂಡಲ ತನಗೆ ಬಂದದ್ದನ್ನು ಅದೇ ಪ್ರಮಾಣದಲ್ಲಿ ಏರಿಸುತ್ತದೆ. 230 ವೋಲ್ಟಿಗೆ 6,000 ಕೊಡುವ ಮಂಡಲಕ್ಕೆ ರಾತ್ರಿ ವೇಳೆ 260 ಬಂದರೆ ಅದು ಸುಮಾರು 6,800 ಕೊಡುತ್ತದೆ. ಇದಕ್ಕೆ ನಮ್ಮೂರಿನ ಎತ್ತರವನ್ನೂ ಸೇರಿಸಿ ನೋಡಬೇಕು. ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದ ಬೆಳಗಾವಿಯಲ್ಲಿ ಗಾಳಿ ಶೇ 7ರಷ್ಟು ವಿರಳ. ಗಾಳಿ ವಿರಳವಾದಷ್ಟೂ ಕಿಡಿ ಹಾರಲು ಬೇಕಾದ ವೋಲ್ಟೇಜ್ ಕಡಿಮೆಯಾಗುವುದರಿಂದ, ಸಮತಟ್ಟಾದ ತಗ್ಗು ನಾಡಿನ ಹಂಟಿಂಗ್ಡನ್‌ನಲ್ಲಿ ಇದ್ದಷ್ಟು ಸುರಕ್ಷತೆಯ ಅಂತರ ನಮಗಿಲ್ಲ. ಆದುದರಿಂದ ಸ್ಟೆಬಿಲೈಸರ್ ಇಲ್ಲದೆ ಈ ಸ್ಪೀಕರನ್ನು ನಡೆಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಮೊದಲ ಸಲ ಪ್ಲಗ್ ಹಾಕುವ ಮುನ್ನ ಸ್ಪೀಕರಿನಲ್ಲಿರುವ ವೋಲ್ಟೇಜ್ ಆಯ್ಕೆ 230ಕ್ಕೆ ಒಗ್ಗುವಂತಿದೆಯೇ, ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಿ. ಕರೆಂಟು ಹೋದಾಗ ಚೌಕ ತರಂಗದ ಇನ್ವರ್ಟರಿನ ಮೇಲೆ ಹಾಡು ಮಂಕಾದರೆ ಗಾಬರಿ ಬೇಡ. ಏಣಿಯ ಮಂಡಲ ಹಿಡಿಯುವುದು ತರಂಗದ ತುದಿಯ ವೋಲ್ಟೇಜನ್ನು. ಅದು ಗೋಡೆಯ ಕರೆಂಟಿನಲ್ಲಿ ಸುಮಾರು 325 ಇದ್ದರೆ ಚೌಕ ತರಂಗದಲ್ಲಿ 230ರಷ್ಟೇ ಇರುತ್ತದೆ.

ನಿಲ್ಲಿಸುವ ಜಾಗ

ಪೆಟ್ಟಿಗೆಯಿಲ್ಲದ ಕಾರಣ ಹಿಂದಕ್ಕೂ ಮುಂದಿನಷ್ಟೇ ಧ್ವನಿ ಹೋಗುತ್ತದೆ. ಹಿಂದಿನ ಗೋಡೆಯಿಂದ ಒಂದು ಮೀಟರಾದರೂ ಈಚೆಗೆ ನಿಲ್ಲಿಸಿ. ಸ್ಪೀಕರ್ ಗಿಡ್ಡವಾದ್ದರಿಂದ ಒಂದು ಅಡಿ ಎತ್ತರದ ಗಟ್ಟಿ ಮರದ ಪೀಠವನ್ನು ಬಡಗಿಯಿಂದ ಮಾಡಿಸಿದರೆ ನಡುಪಟ್ಟಿ ಕುರ್ಚಿಯಲ್ಲಿ ಕುಳಿತವರ ಕಿವಿಗೆ ಸಮನಾಗುತ್ತದೆ. ಜಮಖಾನೆಯ ಮೇಲೆ ಕುಳಿತು ಕೇಳುವವರಿಗೆ ಪೀಠವೇ ಬೇಡ. ಏರುಸ್ವರಗಳು ನೇರ ಎದುರಿಗೆ ಹೆಚ್ಚು ಸ್ಪಷ್ಟವಾಗಿರುವುದರಿಂದ ಎರಡನ್ನೂ ಕೇಳುಗರ ಕಡೆಗೆ ತಿರುಗಿಸಿ.

ಆಂಪ್ಲಿಫಯರ್ ಮತ್ತು ಧ್ವನಿಯ ಮಟ್ಟ

1957ರ ಮಾದರಿ ತಡೆದುಕೊಳ್ಳುವ ಗರಿಷ್ಠ ತುದಿ ವೋಲ್ಟೇಜ್ 33. ಅದರ ಜೊತೆಗಾರನಾಗಿದ್ದ ಕ್ವಾಡ್ 2 ವಾಲ್ವ್ ಆಂಪ್ಲಿಫಯರಿನದು 15 ವಾಟ್ ಮಾತ್ರ. 8 ಓಮ್‌ಗೆ 50 ವಾಟ್ ಎಂದು ಬರೆದಿರುವ ಇಂದಿನ ಆಂಪ್ಲಿಫಯರಿನ ತುದಿ ವೋಲ್ಟೇಜ್ ಸುಮಾರು 28. 100 ವಾಟಿನದು 40. ಎರಡನೆಯದರ ಗುಂಡಿಯನ್ನು ಯಾರಾದರೂ ಒಮ್ಮೆ ಜೋರಾಗಿ ತಿರುಗಿಸಿದರೆ ನಡುಪಟ್ಟಿಯಲ್ಲಿ ಕಿಡಿ ಹಾರಿ ಪೊರೆಗೆ ರಂಧ್ರವಾಗುತ್ತದೆ. ರಂಧ್ರದ ಸುತ್ತ ಕರಕಲಾದ ಜಾಗ ಮುಂದಿನ ಕಿಡಿಗೆ ದಾರಿಯಾಗುತ್ತದೆ. ಮದುವೆಮನೆಯ ಮಟ್ಟದ ಸದ್ದು ಬೇಕಾದವರಿಗೆ ಈ ಸ್ಪೀಕರ್ ಸಲ್ಲದು. ಇನ್ನೊಂದು ವಿಷಯವೆಂದರೆ, ಏರುಸ್ವರಗಳಿಗೆ ಹೋದಂತೆ ಇದರ ಇಂಪೀಡೆನ್ಸ್ (ಆಂಪ್ಲಿಫಯರಿನ ಪ್ರವಾಹಕ್ಕೆ ಸ್ಪೀಕರ್ ಒಡ್ಡುವ ತಡೆ) 2 ಓಮ್‌ಗೂ ಕೆಳಗಿಳಿಯುತ್ತದೆ. ಅದನ್ನು ಸ್ಥಿರವಾಗಿ ತಾಳಿಕೊಳ್ಳುವ ಆಂಪ್ಲಿಫಯರನ್ನೇ ಆರಿಸಬೇಕು.

ತೊಂದರೆ ಕಂಡಾಗ

ಟಿಕ್ ಟಿಕ್ ಸದ್ದು ಮಳೆಯ ದಿನ ಬಂದು ಬಿಸಿಲಿನ ದಿನ ಹೋದರೆ ಅದು ತೇವ, ಕಾಯಬಹುದು. ಬಿಸಿಲಿನಲ್ಲೂ ಉಳಿದರೆ, ಇಲ್ಲವೇ ಹಾಡಿನ ಏರಿಗೆ ಸರಿಯಾಗಿ ಚಟ್ ಎಂದರೆ, ಕೂಡಲೇ ಆಂಪ್ಲಿಫಯರ್ ಬಂದ್ ಮಾಡಿ ಪ್ಲಗ್ ಕೀಳಿ. ತಂತ್ರಜ್ಞರನ್ನು ಆರಿಸುವಾಗ ಒಂದು ಪ್ರಶ್ನೆ ಕೇಳಿ: ಪೊರೆಯ ವೋಲ್ಟೇಜನ್ನು ಯಾವುದರಿಂದ ಅಳೆಯುತ್ತೀರಿ? ಸಾಮಾನ್ಯ ಮಲ್ಟಿಮೀಟರ್ ಇಷ್ಟು ವೋಲ್ಟೇಜಿಗೆ ಮಾಡಿದ್ದಲ್ಲ. ಮುಟ್ಟಿಸಿದರೆ ಮೀಟರಿಗೂ ಕೈಗೂ ಅಪಾಯ. ಸಾಲದ್ದಕ್ಕೆ ಅದು ಆ ಸಣ್ಣ ಪ್ರವಾಹವನ್ನು ತಾನೇ ನುಂಗಿ, ಆರೋಗ್ಯವಾಗಿರುವ ಮಂಡಲವನ್ನೂ ಸತ್ತಿದೆಯೆಂದು ತೋರಿಸುತ್ತದೆ. ಬೇರೆ ಊರಿನ ಒಬ್ಬ ರಿಪೇರಿಗಾರರು ಹೀಗೆಯೇ ಅಳೆದು, ಸರಿಯಿದ್ದ ನನ್ನ ಮಂಡಲವನ್ನು ಕಿತ್ತುಹಾಕಿ ಹೊಸದನ್ನು ಹಾಕಿದರು. ದೋಷ ಮಾತ್ರ ಇದ್ದಲ್ಲಿಯೇ ಇತ್ತು. ಇದಕ್ಕೆ ನೂರಾರು ಮೆಗಾಓಮ್‌ಗಿಂತ ಹೆಚ್ಚಿನ ಪ್ರತಿರೋಧದ, ಭಾರಿ ವೋಲ್ಟೇಜಿಗೆಂದೇ ಮಾಡಿದ ಪ್ರೋಬ್ ಬೇಕು. ಹೊಸ ಪೊರೆ ಬಿಗಿದ ಫಲಕಗಳನ್ನು ಜರ್ಮನಿ ಮತ್ತು ಬ್ರಿಟನ್ನಿನ ಕುಶಲಿಗಳು ಇಂದಿಗೂ ಮಾಡಿಕೊಡುತ್ತಾರೆ. ಒಂದೇ ಫಲಕ ಕೆಟ್ಟಿದ್ದರೂ ಎರಡೂ ಸ್ಪೀಕರುಗಳಿಗೆ ಜೊತೆಯಾಗಿ ಬದಲಿಸಿದರೆ ಧ್ವನಿ ಸಮನಾಗುತ್ತದೆ.

ದಸರೆಯ ಹೊತ್ತಿಗೆ ಗಾಳಿ ಒಣಗಿದ ಮೇಲೆ, ಕೊಂಡ ದಿನ ಮಾಡಿದ ಪ್ಲಗ್ ಕೀಳುವ ಪರೀಕ್ಷೆಯನ್ನು ಅದೇ ಹಾಡಿಗೆ, ಅದೇ ಮಟ್ಟದಲ್ಲಿ ಮತ್ತೆ ಮಾಡಿ, ನಿಮಿಷಗಳನ್ನು ಹಳೆಯ ಲೆಕ್ಕದ ಕೆಳಗೆ ಬರೆಯಿರಿ. ಹೆಚ್ಚು ಕಡಿಮೆ ಅಷ್ಟೇ ಬಂದರೆ ಮುಂದಿನ ರೋಹಿಣಿಯವರೆಗೆ ಸ್ಪೀಕರನ್ನು ಮುಟ್ಟುವ ಅಗತ್ಯವಿಲ್ಲ. ಅರ್ಧಕ್ಕೆ ಇಳಿದಿದ್ದರೆ, ಕಿವಿಗೆ ಇನ್ನೂ ಏನೂ ಗೊತ್ತಾಗದಿದ್ದರೂ, ಫಲಕಗಳನ್ನು ಚಳಿಗಾಲದಲ್ಲೇ ತೋರಿಸಿಬಿಡಿ.